ಎಪ್ಪತ್ತೆರಡು ನವೀಕರಣ

ಬೇಸಿಗೆ ಶಿಬಿರಕ್ಕೆ ಹೆಸರು ಕೊಟ್ಟವರು ಇಪ್ಪತ್ತಾರು ಮಂದಿ. ಕಂಪ್ಯೂಟರ್ ಇದ್ದದ್ದು ಹನ್ನೆರಡು, ಅದರಲ್ಲಿ ಒಂದಕ್ಕೆ ಮೌಸ್ ಇರಲಿಲ್ಲ. ಮೂರು ವಾರ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಹದಿಮೂರರಿಂದ ಹದಿನೇಳು ವಯಸ್ಸಿನವರಿಗೆ, ಮಹಡಿಯ ಹಳೆಯ ಪತ್ರಿಕೆಗಳ ಕೋಣೆಯಲ್ಲಿ ಎಂದು ನೋಟಿಸು ಬರೆದು ಅಂಟಿಸಿದವಳು ಸಾರ್ವಜನಿಕ ಗ್ರಂಥಾಲಯದ ಕೌಂಟರಿನಲ್ಲಿ ಕೂರುವ ಹೆಂಗಸು. ಓದುಗರು ಆಕೆಯನ್ನು ಕೌಂಟರ್ ಮೇಡಂ ಎನ್ನುತ್ತಿದ್ದರು. ಹದಿನೇಳು ವರ್ಷದಿಂದ ಅದೇ ಕುರ್ಚಿ. ಕುರ್ಚಿಯ ಹೊದಿಕೆ ಎರಡು ಸಲ ಬದಲಾಗಿತ್ತು, ಆಕೆ ಬದಲಾಗಿರಲಿಲ್ಲ ಎಂದು ಅಟೆಂಡರ್ ಹೇಳುತ್ತಿದ್ದ.

ಮಹಡಿಯ ಕೋಣೆಯ ಎರಡು ಫ್ಯಾನುಗಳಲ್ಲಿ ಒಂದು ತಿರುಗುತ್ತಿರಲಿಲ್ಲ. ಹೊಸ ಪರದೆ, ಹೊಸ ಪ್ರೊಜೆಕ್ಟರ್ ಬಂದಿಳಿದ ದಿನ ಅಟೆಂಡರ್ ತಲೆಯೆತ್ತಿ ಫ್ಯಾನನ್ನು ನೋಡಿ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಅಂದ. ನಿವೃತ್ತಿಗೆ ಹದಿನೆಂಟು ತಿಂಗಳು ಉಳಿದಿದ್ದ ಮನುಷ್ಯ, ಯಾರಿಗೂ ಹೆದರುತ್ತಿರಲಿಲ್ಲ. ಕೌಂಟರ್ ಮೇಡಂ ನಗಲಿಲ್ಲ. ನಗಬಾರದೆಂದೇನೂ ಇರಲಿಲ್ಲ, ಇತ್ತೀಚೆಗೆ ಎಲ್ಲವೂ ಆಕೆಗೆ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಬಿದ್ದದ್ದು ತಿಳಿಯುತ್ತಿತ್ತು, ನೆನೆದದ್ದು ತಿಳಿಯುತ್ತಿರಲಿಲ್ಲ.

ಇದು ನಾಲ್ಕನೆಯ ಶಿಬಿರ. ಮೊದಲನೆಯದು ನಡೆದದ್ದು ಮೂರು ವರ್ಷದ ಹಿಂದೆ. ಅದರಲ್ಲಿ ಆಕೆಯ ಅಕ್ಕನ ಮಗಳೂ ಇದ್ದಳು. ಹದಿನಾಲ್ಕು ವರ್ಷ. ಶಿಬಿರದ ಕೊನೆಯ ದಿನ ಅವಳು ಕೌಂಟರಿಗೆ ಬಂದು, ಸಣ್ಣ ಮೋಟಾರು, ಬ್ಯಾಟರಿ, ತಂತಿಗಳಿಂದ ಮನೆಯಲ್ಲೇ ಯಂತ್ರ ಮಾಡುವುದನ್ನು ಹೇಳಿಕೊಡುವ ಒಂದು ಪುಸ್ತಕವನ್ನು ತನ್ನ ಕಾರ್ಡಿನ ಮೇಲೆ ತೆಗೆದುಕೊಂಡಳು. ಅವಧಿ ಹದಿನೈದು ದಿನ. ಮುಗಿಯಲಿಲ್ಲ ಎಂದು ಹದಿನೈದನೆಯ ದಿನ ಬಂದು ಒಮ್ಮೆ ನವೀಕರಿಸಿಕೊಂಡಳು. ಇನ್ನೆಷ್ಟು ಪುಟ ಇದೆ ಎಂದು ಕೇಳಿದ್ದಕ್ಕೆ, "ಪುಟದ ಲೆಕ್ಕ ಬೇಡ ಚಿಕ್ಕಮ್ಮ, ಮೋಟಾರು ತಿರುಗಿದ ಮೇಲೆ ಮುಗೀತು ಅಂತ," ಎಂದು ಹೇಳಿ ಹೋದಳು. ಅದಾಗಿ ಹನ್ನೊಂದನೆಯ ದಿನಕ್ಕೆ ಜ್ವರದಲ್ಲಿ ತೀರಿಕೊಂಡಳು. ಆಸ್ಪತ್ರೆಯಲ್ಲಿದ್ದದ್ದು ಐದು ದಿನ.

ಎರಡನೆಯ ಅವಧಿ ಮುಗಿಯುವ ದಿನ ಕೌಂಟರಿನ ಪರದೆಯ ಮೇಲೆ ಅಂದು ವಾಪಸಾಗಬೇಕಾದ ಪುಸ್ತಕಗಳ ಪಟ್ಟಿ ಎಂದಿನಂತೆ ತೆರೆದುಕೊಂಡಿತು. ಏಳನೆಯ ಸಾಲಿನಲ್ಲಿ ಆ ಪುಸ್ತಕ ಇತ್ತು. ಆಕೆ ಅದರ ಪಕ್ಕದ ಗುಂಡಿ ಒತ್ತಿದಳು. 'ನವೀಕರಿಸಲಾಗಿದೆ' ಎಂದು ಬಂತು. ಅಷ್ಟೇ.

ಮೂರಕ್ಕಿಂತ ಹೆಚ್ಚು ಸಲ ನವೀಕರಿಸುವಂತಿಲ್ಲ ಎಂಬ ನಿಯಮ ಇದೆ. 'ವಿಶೇಷ ಅನುಮತಿ' ಎಂಬ ಚೌಕದಲ್ಲಿ ಗುರುತು ಹಾಕಿದರೆ ನಿಯಮ ಸರಿದು ದಾರಿ ಬಿಡುತ್ತದೆ, ಆ ಅಧಿಕಾರ ಆಕೆಗಿತ್ತು. ಅಂದಿನಿಂದ ತಲೆ ಹೋಗುವ ಕೆಲಸವಿದ್ದರೂ ಹದಿನೈದು ದಿನಕ್ಕೊಮ್ಮೆ ಆ ಗುಂಡಿ ಒತ್ತುವುದನ್ನು ತಪ್ಪಿಸಲಿಲ್ಲ. ಹಾಗೆ ಮಾಡದಿದ್ದರೆ ಏನಾಗುತ್ತದೆ ಎಂಬುದು ಆಕೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮೂವತ್ತು ದಿನ ಕಳೆದರೆ ಪುಸ್ತಕ 'ಕಳೆದಿದೆ' ಎಂಬ ಪಟ್ಟಿಗೆ ಹೋಗುತ್ತದೆ. 'ಸದಸ್ಯರು ಅಥವಾ ಪೋಷಕರಿಗೆ' ಎಂದು ಶುರುವಾಗುವ ಅಚ್ಚಾದ ಪತ್ರವೊಂದು ಅಕ್ಕನ ಮನೆಯ ಬಾಗಿಲಿಗೆ ಬರುತ್ತದೆ. ಕಾರ್ಡ್ ಮುಚ್ಚಬೇಕಾಗುತ್ತದೆ. ಮುಚ್ಚುವಾಗ ಪರದೆ ಕಾರಣ ಕೇಳುತ್ತದೆ, ನಾಲ್ಕರಲ್ಲಿ ಒಂದನ್ನು ಆರಿಸಬೇಕು: ಊರು ಬದಲಾವಣೆ, ಸ್ವಇಚ್ಛೆ, ಶಿಸ್ತುಕ್ರಮ, ಮರಣ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ.

ಅಕ್ಕನಿಗೆ ಆ ಪತ್ರ ಹೋಗಬಾರದು. ಮೂರು ವರ್ಷದಲ್ಲಿ ಆಕೆಗೆ ಇದ್ದ ಖಚಿತವಾದ ಅಭಿಪ್ರಾಯ ಅದೊಂದೇ.

ಈ ಸಲದ ಶಿಬಿರದಲ್ಲಿ ಕನ್ನಡಕ ಹಾಕಿದ ಒಬ್ಬ ಹುಡುಗಿ ಇದ್ದಳು. ಎಂಟನೆಯ ವಯಸ್ಸಿನಿಂದ ಗ್ರಂಥಾಲಯಕ್ಕೆ ಬರುತ್ತಿದ್ದವಳು, ಈಗ ಹದಿನಾಲ್ಕು. ಬಾಯಿ ತೆರೆದರೆ ಪ್ರಶ್ನೆ. ಅಟೆಂಡರ್ ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದ, ಶಿಬಿರದ ಎರಡನೆಯ ದಿನಕ್ಕೆ ಉಳಿದ ಇಪ್ಪತ್ತೈದು ಮಂದಿಯೂ ಹಾಗೆಯೇ ಕರೆಯುತ್ತಿದ್ದರು. ಅವಳಿಗೆ ಬೇಸರವಿದ್ದಂತೆ ಕಾಣಲಿಲ್ಲ. ಉತ್ತರ ಗೊತ್ತಿಲ್ಲದವರು ಹೆಸರಿಡುತ್ತಾರೆ ಎಂದಳಂತೆ.

ಮಂಗಳವಾರ ಪ್ರಶ್ನೆಪತ್ರಿಕೆ ಆ ಯಂತ್ರದ ಪುಸ್ತಕವನ್ನು ಕಾಯ್ದಿರಿಸಿದಳು. ತರಬೇತುದಾರ ಹೇಳಿದ್ದನಂತೆ, ಈಗ ಅಂಥ ಪುಸ್ತಕ ಅಚ್ಚಿನಲ್ಲಿಲ್ಲ, ಸಿಕ್ಕರೆ ಬಿಡಬೇಡ ಎಂದು. ಗ್ರಂಥಾಲಯದಲ್ಲಿದ್ದದ್ದು ಒಂದೇ ಪ್ರತಿ. ಯಾರಾದರೂ ಕಾಯ್ದಿರಿಸಿದ ಪುಸ್ತಕ ನವೀಕರಣವಾಗುವುದಿಲ್ಲ, ವಿಶೇಷ ಅನುಮತಿಯೂ ಅಲ್ಲಿ ನಡೆಯುವುದಿಲ್ಲ. ಅದು ಸರಿಯಾದ ನಿಯಮ. ಕೌಂಟರ್ ಮೇಡಂ ಹಿಂದೆ ಎಷ್ಟೋ ಜನರಿಗೆ ಆ ನಿಯಮವನ್ನು ಓದಿ ಹೇಳಿದ್ದಳು, ನಿಮ್ಮ ಹಿಂದೆ ಒಬ್ಬರು ಕಾಯುತ್ತಿದ್ದಾರೆ ಎಂದು.

ಗುರುವಾರ ಅವಧಿ ಮುಗಿಯುವ ದಿನ. ಬೆಳಿಗ್ಗೆ ಗುಂಡಿ ಒತ್ತಿದಾಗ ಪರದೆ ಒಪ್ಪಲಿಲ್ಲ. ಮಧ್ಯಾಹ್ನ ಒತ್ತಿದಳು, ಒಪ್ಪಲಿಲ್ಲ. ಸಂಜೆ ನಾಲ್ಕೂಮುಕ್ಕಾಲಿಗೆ, ಓದುವ ಕೋಣೆಯಲ್ಲಿ ಇಬ್ಬರೇ ಉಳಿದಿದ್ದಾಗ, ಆಕೆ ಕಾಯ್ದಿರಿಸಿದವರ ಪಟ್ಟಿ ತೆರೆದು ಪ್ರಶ್ನೆಪತ್ರಿಕೆಯ ಹೆಸರನ್ನು ರದ್ದು ಮಾಡಿದಳು. ನಂತರ ನವೀಕರಿಸಿದಳು. ಎಪ್ಪತ್ತೆರಡನೆಯದು. ಮೊದಲನೆಯದು ಅಕ್ಕನ ಮಗಳು ಮಾಡಿಸಿಕೊಂಡದ್ದು, ಉಳಿದ ಎಪ್ಪತ್ತೊಂದು ಈಕೆಯದು. ಹದಿನೇಳು ವರ್ಷದ ಕೆಲಸದಲ್ಲಿ ಓದುಗರೊಬ್ಬರಿಗೆ ಬೇಕೆಂದೇ ಮಾಡಿದ ಮೊದಲ ಅನ್ಯಾಯ ಇದು ಎಂದು ಆಕೆ ಲೆಕ್ಕ ಹಾಕಿದಳು. ಲೆಕ್ಕ ಸರಿಯಾಗಿತ್ತು. ಕಿಟಕಿಗಳನ್ನು ಮುಚ್ಚಿ, ಬೀಗದ ಕೈ ಅಟೆಂಡರನ ಕೈಗೆ ಕೊಟ್ಟು ಮನೆಗೆ ಹೋದಳು.

ಭಾನುವಾರಗಳಂದು ಆಕೆ ಅಕ್ಕನ ಮನೆಗೆ ಹೋಗುತ್ತಿದ್ದಳು. ಎರಡು ಬಸ್ ನಿಲ್ದಾಣ ದೂರ. ಅಕ್ಕನದು ಹೊಲಿಗೆ ಕೆಲಸ, ಅದರಲ್ಲೂ ಶಾಲೆಯ ಸಮವಸ್ತ್ರ. ಬೇಸಿಗೆ ಅಂದರೆ ಅಕ್ಕನಿಗೆ ಉಸಿರಾಡಲು ಬಿಡುವಿಲ್ಲದ ಕಾಲ. ಶಾಲೆ ತೆರೆಯುವಷ್ಟರಲ್ಲಿ ಮುನ್ನೂರು ಅಂಗಿ ಮುಗಿಯಬೇಕು. ಮುಂದಿನ ಕೋಣೆಯಲ್ಲಿ ಯಂತ್ರ, ಅದರ ಸುತ್ತ ಅಳತೆಯ ಪ್ರಕಾರ ಕಟ್ಟಿಟ್ಟ ಅಂಗಿಗಳ ಕಂತೆ: ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು. ಭಾವ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಿದ್ದ, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಿರಲಿಲ್ಲ. ತಂಗಿ ಬಂದ ಕೂಡಲೇ ಕೆಳಗೆ ಕೂತು ಗುಂಡಿ ಹೊಲಿಯಲು ಶುರು ಮಾಡುತ್ತಿದ್ದಳು. ಅಂಗಿಗೆ ಏಳು ಗುಂಡಿ. ಮಾತು ಕಾಜಾ, ನೂಲು, ನೀರು ಬರುವ ಸಮಯ, ಎದುರು ಮನೆಯವರ ನಾಯಿ, ಇಷ್ಟರಲ್ಲಿ ಮುಗಿಯುತ್ತಿತ್ತು.

ಯಂತ್ರದ ಹಿಂದಿನ ಗೋಡೆಗೆ ತಾಗಿ ಮಗಳ ಮೇಜು. ಅದರ ಮೇಲೆ ಪೆನ್ನಿನ ಡಬ್ಬಿ, ಅರ್ಧ ಸುತ್ತಿದ ತಾಮ್ರದ ತಂತಿ, ಗ್ರಂಥಾಲಯದ ಪುಸ್ತಕ. ಪುಸ್ತಕದ ನಡುವಿನಿಂದ ಬೂದು ಬಟ್ಟೆಯ ಒಂದು ಪಟ್ಟಿ ಹೊರಗೆ ಇಣುಕುತ್ತಿತ್ತು. ಅಕ್ಕ ದಿನವೂ ಧೂಳು ಒರೆಸಿ ಅದೇ ಕೋನದಲ್ಲಿ ಇಡುತ್ತಿದ್ದಳೆಂದು ಕಾಣುತ್ತದೆ, ಮೇಜಿನ ಬಣ್ಣ ಪುಸ್ತಕದ ಆಕಾರದಲ್ಲಿ ಒಂದಿಷ್ಟು ಗಾಢವಾಗಿ ಉಳಿದಿತ್ತು. ಮೂರು ವರ್ಷದಲ್ಲಿ ಇಬ್ಬರೂ ಆ ಪುಸ್ತಕದ ಮಾತೆತ್ತಿರಲಿಲ್ಲ. ಆ ಭಾನುವಾರವೂ ಎತ್ತಲಿಲ್ಲ. ಆದರೆ ತಂಗಿ ಎರಡು ಸಲ ಆ ಕಡೆ ನೋಡಿದಳು, ಅಕ್ಕ ಎರಡು ಸಲವೂ ತಂಗಿಯ ಮುಖ ನೋಡಿ, ಪೆಡಲಿನ ಮೇಲೆ ಕಾಲಿಟ್ಟು ಯಂತ್ರ ಓಡಿಸಿದಳು. ಯಂತ್ರ ಓಡುವಾಗ ಮಾತು ಕೇಳಿಸುವುದಿಲ್ಲ.

ಎರಡನೆಯ ವಾರ ತರಬೇತುದಾರ ಮಕ್ಕಳಿಗೆ ನಿಜವಾದ ಕೆಲಸವೊಂದನ್ನು ಕೊಟ್ಟ. ಉತ್ಸಾಹಿ, ಇಪ್ಪತ್ತಾರರ ಆಸುಪಾಸಿನವನು, ಮಾತಿನ ಮಧ್ಯೆ ಕೈಯಲ್ಲಿರುವ ಪೆನ್ನನ್ನು ತಿರುಗಿಸುವ ಅಭ್ಯಾಸ. ಗ್ರಂಥಾಲಯಕ್ಕೆ ಹೊಸ ತಂತ್ರಾಂಶ ಬಂದು ಮೂರು ವರ್ಷವಾಗಿತ್ತು. ಸದಸ್ಯರ ಫೋನಿಗೆ ತಾನಾಗಿ ಸಂದೇಶ ಕಳಿಸುವ ಸೌಲಭ್ಯ ಅದರಲ್ಲಿ ಮೊದಲಿಂದಲೂ ಇತ್ತು. ಮೇಲಿನ ಕಚೇರಿಯ ಒಪ್ಪಿಗೆ ಬಾರದೆ ಅದನ್ನು ಚಾಲೂ ಮಾಡಿರಲಿಲ್ಲ. ಈ ವರ್ಷ ಒಪ್ಪಿಗೆ ಬಂತು. ಕಳಿಸುವ ಪ್ರೋಗ್ರಾಮನ್ನು ಶಿಬಿರದ ಮಕ್ಕಳೇ ಬರೆಯಲಿ, ಮುಕ್ತಾಯದ ದಿನ ಪ್ರದರ್ಶನಕ್ಕೆ ಚೆನ್ನಾಗಿರುತ್ತದೆ ಎಂದು ತರಬೇತುದಾರ ಹೇಳಿದ, ಮುಖ್ಯ ಗ್ರಂಥಪಾಲಕರು ತಲೆಯಾಡಿಸಿದರು.

ಮಕ್ಕಳ ಕೈಗೆ ಕೊಡುವ ಮಾಹಿತಿಯಲ್ಲಿ ಸದಸ್ಯರ ಹೆಸರು, ವಿಳಾಸ, ಫೋನ್ ನಂಬರು ಇರಬಾರದೆಂದು ಪಟ್ಟು ಹಿಡಿದವಳು ಕೌಂಟರ್ ಮೇಡಂ. ಒಂದು ಮಧ್ಯಾಹ್ನ ಪೂರ್ತಿ ಕೂತು ಆ ಅಂಕಣಗಳನ್ನು ತೆಗೆದು, ಬರೀ ಕಾರ್ಡ್ ಸಂಖ್ಯೆ, ಪುಸ್ತಕದ ಸಂಖ್ಯೆ, ತಾರೀಖು, ಸಮಯ ಉಳಿಸಿದಳು. ಹಾಗೆಯೇ, ಅವಧಿ ಮೀರಿದವರಿಗೆ ಕಳಿಸುವ ಎಚ್ಚರಿಕೆಯ ಪಟ್ಟಿಯಿಂದ ಒಂದು ಕಾರ್ಡನ್ನು ತೆಗೆದಳು. ಸಂಖ್ಯೆ ಒಂದು ಸೊನ್ನೆ ನಾಲ್ಕು ಮೂರು ಏಳು. ಅಪ್ರಾಪ್ತರ ಕಾರ್ಡಿಗೆ ಪೋಷಕರ ಫೋನೇ ದಾಖಲಾಗಿರುತ್ತದೆ, ಆ ಕಾರ್ಡಿನದು ಅಕ್ಕನ ಫೋನು. ಇಷ್ಟು ಮಾಡಿದರೆ ಸಾಕೆಂದು ಆಕೆಯ ಅಂದಾಜು. ಮೂರು ವರ್ಷದಿಂದ ಸಂದೇಶ ಹೋಗುತ್ತಿಲ್ಲವೆಂದು ಆಕೆಗೆ ಗೊತ್ತಿತ್ತು. ಹೋಗದಿದ್ದರೂ ತಂತ್ರಾಂಶ ಪ್ರತಿಯೊಂದನ್ನೂ ಬರೆದು ಸರತಿಯಲ್ಲಿ ಇಡುತ್ತದೆ ಎಂದು ಗೊತ್ತಿರಲಿಲ್ಲ.

ಎರಡು ದಿನದ ಮೇಲೆ ಪ್ರಶ್ನೆಪತ್ರಿಕೆ ಕಾಗದವೊಂದನ್ನು ಹಿಡಿದು ಕೆಳಗಿಳಿದು ಬಂದಳು. ಅತಿ ಹೆಚ್ಚು ಸಲ ನವೀಕರಣವಾದ ಪುಸ್ತಕ ಯಾವುದೆಂದು ಹುಡುಕುವುದು ಅವಳ ಗುಂಪಿನ ಪಾಠವಾಗಿತ್ತು.

"ಮೇಡಂ, ಎರಡನೇ ಸ್ಥಾನದಲ್ಲಿರೋದು ಆರು ಸಲ. ಮೊದಲನೇ ಸ್ಥಾನದಲ್ಲಿರೋದು ಎಪ್ಪತ್ತೆರಡು. ಅದು ನಾನು ಕಾಯ್ದಿರಿಸಿರೋ ಪುಸ್ತಕಾನೇ. ಅಷ್ಟು ಕಷ್ಟಾನಾ ಅದು?"

"ಇರಬಹುದು."

"ನವೀಕರಣ ಅಂದ್ರೆ ಹೊಸದು ಮಾಡೋದು ತಾನೇ? ಎಪ್ಪತ್ತೆರಡು ಸಲ ಹೊಸದು ಮಾಡಿದ್ರೂ ಪುಸ್ತಕ ಹಳೇದೇ ಇರುತ್ತಲ್ಲ."

ಕೌಂಟರ್ ಮೇಡಂ ಪೆನ್ನಿನ ಮುಚ್ಚಳ ಹಾಕಿ ತೆಗೆದಳು. ಅದು ಕಚೇರಿಯ ಪದ, ಹಾಗೆಲ್ಲ ಬಿಡಿಸಿ ನೋಡಬಾರದು ಎಂದು ಹೇಳಿದಳು. ಹುಡುಗಿ ಒಪ್ಪಿದಂತೆ ಕಾಣಲಿಲ್ಲ. ಆ ಓದುಗ ಇಷ್ಟರಲ್ಲಿ ಮುದುಕನಾಗಿರಬೇಕು, ಕೊನೇ ಪುಟಕ್ಕೆ ಬಂದು ಮೊದಲನೇದು ಮರೆತುಹೋಗಿ ಮತ್ತೆ ಶುರು ಮಾಡ್ತಿರಬೇಕು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಮೆಟ್ಟಿಲು ಹತ್ತಿದಳು. ಪಕ್ಕದಲ್ಲಿ ಪತ್ರಿಕೆ ಜೋಡಿಸುತ್ತಿದ್ದ ಅಟೆಂಡರ್ ತಲೆಯೆತ್ತಲಿಲ್ಲ. ಅವನಿಗೆ ಅಕ್ಕನ ಮಗಳ ವಿಷಯ ಗೊತ್ತಿತ್ತು, ಅಂತ್ಯಕ್ರಿಯೆಗೂ ಬಂದಿದ್ದ. ಪುಸ್ತಕದ ವಿಷಯ ಗೊತ್ತಿತ್ತೋ ಇಲ್ಲವೋ ಆಕೆ ಯಾವತ್ತೂ ಕೇಳಿರಲಿಲ್ಲ.

ಮೂರನೆಯ ವಾರದ ಬುಧವಾರ ಹನ್ನೊಂದೂ ಕಾಲಿಗೆ ಪ್ರೋಗ್ರಾಮಿನ ಪರೀಕ್ಷೆ. ಮಕ್ಕಳು ಬರೆದದ್ದು ಸರಳವಾದ ಆಜ್ಞೆ: ಸರತಿಯಲ್ಲಿರುವ ಸಂದೇಶಗಳಲ್ಲಿ ಇನ್ನೂ ಕಳಿಸದೆ ಇರುವುದನ್ನು ಕಳಿಸು. ಫೋನ್ ನಂಬರನ್ನು ಗ್ರಂಥಾಲಯದ ಸರ್ವರ್ ತಾನೇ ಹುಡುಕಿಕೊಳ್ಳುತ್ತದೆ. ತರಬೇತುದಾರನ ಫೋನಿಗೆ ಒಂದು ಸಂದೇಶ ಬರಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು, ಇದು ಏರ್ಪಾಡು. ಇವತ್ತಿನದನ್ನು ಮಾತ್ರ ಕಳಿಸು ಎಂದು ಹೇಳಲು ಎಲ್ಲರೂ ಮರೆತಿದ್ದರು. ಇನ್ನೂ ಕಳಿಸದೆ ಇರುವುದು ಎಂದರೆ ಮೂರು ವರ್ಷದ್ದು, ಅಷ್ಟೂ.

ಕಟ್ಟೆ ಒಡೆಯಿತು. ಮೊದಲು ಓದುವ ಕೋಣೆಯಲ್ಲಿದ್ದ ಒಬ್ಬ ಹಿರಿಯರ ಜೇಬು ಸದ್ದು ಮಾಡಿತು. ಮತ್ತೆ ಮಾಡಿತು. ನಿಲ್ಲಲೇ ಇಲ್ಲ. ಆಮೇಲೆ ಕೌಂಟರಿನ ಫೋನು ರಿಂಗಾಗತೊಡಗಿತು. ಎರಡು ವರ್ಷದ ಹಿಂದೆ ವಾಪಸ್ ಕೊಟ್ಟ ಅಡುಗೆ ಪುಸ್ತಕಕ್ಕೆ ಈಗ ಯಾಕೆ ಧನ್ಯವಾದ ಎಂದು ಒಬ್ಬರು ಕೇಳಿದರು. ತನ್ನ ಮಗ ಊರಲ್ಲೇ ಇಲ್ಲ, ಅವನ ಹೆಸರಲ್ಲಿ ಯಾರು ಪುಸ್ತಕ ಒಯ್ದದ್ದು ಎಂದು ಒಬ್ಬ ತಾಯಿ. ಒಬ್ಬ ಗಂಡಸು ಬಹಳ ಮೆಲ್ಲಗೆ ಮಾತಾಡಿ, ತಾನು ಪತ್ತೇದಾರಿ ಕಾದಂಬರಿ ಓದುವುದು ಹೆಂಡತಿಗೆ ಗೊತ್ತಿಲ್ಲ, ಈಗ ಫೋನು ಅವಳ ಕೈಯಲ್ಲಿದೆ ಎಂದ. ಮಹಡಿಯಲ್ಲಿ ತರಬೇತುದಾರ ನಿಲ್ಲಿಸುವ ಗುಂಡಿ ಹುಡುಕುತ್ತಿದ್ದ. ನಿಲ್ಲಿಸುವುದನ್ನು ಅವರು ಬರೆದಿರಲಿಲ್ಲ, ಅದು ಶುಕ್ರವಾರದ ಪಾಠ. ಹದಿನೆಂಟು ನಿಮಿಷದ ಮೇಲೆ ಅಟೆಂಡರ್ ಸರ್ವರ್ ಕೋಣೆಗೆ ಹೋಗಿ ಗೋಡೆಯಿಂದ ಪ್ಲಗ್ ಕಿತ್ತ. ಅಷ್ಟರಲ್ಲಿ ಹನ್ನೊಂದು ಸಾವಿರದ ನಾನೂರ ಆರು ಸಂದೇಶ ಹೋಗಿದ್ದವು.

ಹಳೆಯ ಸರತಿ ಅಳಿಸಿ, ಇನ್ನು ಅಂದಂದಿನದಷ್ಟೇ ಹೋಗುವಂತೆ ಮಾಡಿ ತರಬೇತುದಾರ ಸರ್ವರನ್ನು ಮತ್ತೆ ಚಾಲೂ ಮಾಡಿದ. ಮುಖ್ಯ ಗ್ರಂಥಪಾಲಕರು ಕೇಳಿದ್ದಕ್ಕೆ ಕೌಂಟರ್ ಮೇಡಂ ವರದಿ ಬರೆದಳು: ಸಮಯ, ಸಂಖ್ಯೆ, ಕಾರಣ. ಸಂದೇಶಗಳು ಕಾರ್ಡ್ ಸಂಖ್ಯೆಯ ಕ್ರಮದಲ್ಲಿ ಹೊರಟಿದ್ದವು. ಪ್ಲಗ್ ಕಿತ್ತಾಗ ಸಾಲು ಬಂದು ನಿಂತಿದ್ದದ್ದು ಒಂದು ಸೊನ್ನೆ ಒಂಬತ್ತು ಸೊನ್ನೆ ಎರಡರಲ್ಲಿ. ಒಂದು ಸೊನ್ನೆ ನಾಲ್ಕು ಮೂರು ಏಳು ಅದಕ್ಕಿಂತ ಮೊದಲೇ ಬರುತ್ತದೆ. ಆ ಕಾರ್ಡಿಗೆ ಎಷ್ಟು ಹೋಗಿವೆ ಎಂದು ನೋಡಿದಳು. ಪುಸ್ತಕ ಪಡೆದದ್ದಕ್ಕೆ ಒಂದು, ನವೀಕರಣಕ್ಕೆ ಎಪ್ಪತ್ತೆರಡು. ಒಟ್ಟು ಎಪ್ಪತ್ತಮೂರು, ಎಲ್ಲವೂ ತಲುಪಿವೆ. ಪ್ರತಿಯೊಂದರಲ್ಲೂ ತಾರೀಖು, ಕೊನೆಯಲ್ಲಿ ಕೌಂಟರ್ ಸಂಖ್ಯೆ ಒಂದು. ಗ್ರಂಥಾಲಯದಲ್ಲಿ ಇದ್ದದ್ದೇ ಒಂದು ಕೌಂಟರ್. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದದ್ದು ಹದಿನೈದು ದಿನಕ್ಕೊಮ್ಮೆ ದಾಖಲಾಗಿತ್ತು.

ಮಕ್ಕಳು ಮನೆಗೆ ಹೋಗುವ ಹೊತ್ತಿಗೆ ಪ್ರಶ್ನೆಪತ್ರಿಕೆ ಕೌಂಟರಿನ ಮುಂದೆ ನಿಂತಳು. ಅಪ್ಪ ಫೋನ್ ಮಾಡಿದ್ದರಂತೆ. ಅವಳ ಕಾಯ್ದಿರಿಸುವಿಕೆ ರದ್ದಾಗಿದೆ ಎಂದು ಅವರ ಫೋನಿಗೆ ಬಂದಿತ್ತು, ತಾರೀಖು, ಸಮಯ ಎಲ್ಲ ಇತ್ತು.

"ನಾಲ್ಕು ನಲವತ್ತೇಳಕ್ಕೆ ರದ್ದು. ನಾಲ್ಕು ನಲವತ್ತೆಂಟಕ್ಕೆ ಅದೇ ಪುಸ್ತಕ ನವೀಕರಣ," ಎಂದಳು. ಈ ಸಲ ಪ್ರಶ್ನೆ ಇರಲಿಲ್ಲ.

"ನಾನೇ ಮಾಡಿದ್ದು," ಕೌಂಟರ್ ಮೇಡಂ ಹೇಳಿದಳು. "ತಪ್ಪು ಮಾಡಿದೆ. ನಿನ್ನ ಹೆಸರು ಮತ್ತೆ ಹಾಕ್ತೀನಿ."

ಹುಡುಗಿ ಕನ್ನಡಕ ಸರಿಮಾಡಿಕೊಂಡು ಯಾಕೆ ಎಂದು ಕೇಳಲು ಬಾಯಿ ತೆರೆದಳು. ಪತ್ರಿಕೆಯ ಕಟ್ಟು ಹೊತ್ತು ಬಂದ ಅಟೆಂಡರ್, "ಇವತ್ತಿಗೆ ಪರೀಕ್ಷೆ ಮುಗೀತಮ್ಮ, ಪ್ರಶ್ನೆಪತ್ರಿಕೆ ಒಳಗಿಡು," ಎಂದು ಅವಳನ್ನು ಬಾಗಿಲ ಕಡೆ ನಡೆಸಿದ. ಕೌಂಟರ್ ಮೇಡಂ ಅವಳ ಹೆಸರನ್ನು ಮತ್ತೆ ಬರೆದಳು. ಮುಂದಿನ ಅವಧಿ ಮುಗಿಯುವುದು ಶುಕ್ರವಾರ. ಇನ್ನು ಗುಂಡಿ ಒತ್ತುವಂತಿರಲಿಲ್ಲ.

ಆ ಸಂಜೆ ಅಕ್ಕನಿಂದ ಫೋನು ಬರಲಿಲ್ಲ. ಆಕೆಯೂ ಮಾಡಲಿಲ್ಲ. ಅನ್ನ ಬೇಯಿಸಿದಳು, ತಿಂದಳು, ಪಾತ್ರೆ ತೊಳೆದಳು. ಭಯವಾಗಿದೆಯೇ ಎಂದು ತನ್ನನ್ನು ತಾನೇ ಒಮ್ಮೆ ಕೇಳಿಕೊಂಡಳು. ಹಲ್ಲಿನ ಡಾಕ್ಟರು ಮರಗಟ್ಟಿಸುವ ಸೂಜಿ ಚುಚ್ಚಿದ ಮೇಲೆ ನಾಲಿಗೆಯಿಂದ ಒಸಡು ಮುಟ್ಟಿ ನೋಡಿದರೆ ಇನ್ಯಾರದೋ ಒಸಡಿನಂತೆ ಇರುತ್ತದೆ. ಉತ್ತರವೂ ಹಾಗೇ ಇತ್ತು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಅಕ್ಕ ಬಂದಳು. ಮೂರು ವರ್ಷದಲ್ಲಿ ಅವಳು ಗ್ರಂಥಾಲಯದ ಮೆಟ್ಟಿಲು ಹತ್ತಿರಲಿಲ್ಲ. ಕೌಂಟರಿನ ಮುಂದೆ ನಿನ್ನೆಯ ಸಂದೇಶದ ದೂರು ಹೇಳಲು ಬಂದ ಇಬ್ಬರಿದ್ದರು, ಅವರ ಹಿಂದೆ ಸಾಲಿನಲ್ಲಿ ನಿಂತಳು. ತಂಗಿ ನೋಡಿದಳು, ಆದರೆ ಮೊದಲಿನ ಇಬ್ಬರಿಗೂ ಪೂರ್ತಿ ಉತ್ತರ ಕೊಟ್ಟು ಕಳಿಸಿದಳು. ಅಕ್ಕ ಮುಂದೆ ಬಂದು, ಸಮವಸ್ತ್ರದ ಬಟ್ಟೆಯ ತುಂಡಿನಲ್ಲಿ ಸುತ್ತಿದ ಪುಸ್ತಕವನ್ನು ಕೌಂಟರಿನ ಮೇಲೆ ಇಟ್ಟಳು. ಅವಳ ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು, ತೆಗೆಯಲು ಮರೆತು ಬಸ್ಸು ಹತ್ತಿದ್ದಳು.

"ಎಪ್ಪತ್ತಮೂರು ಬಂದಿವೆ," ಎಂದಳು.

"ಗೊತ್ತು."

"ಯಾರೋ ಆಟ ಆಡಿಸ್ತಿದಾರೆ ಅಂದ್ಕೊಂಡೆ. ಆಮೇಲೆ ತಾರೀಖು ನೋಡಿದೆ. ಯಂತ್ರ ನಿಲ್ಲಿಸಿ ಕೂತು ಒಂದೊಂದಾಗಿ ಓದಿದೆ." ಫೋನನ್ನು ತೆಗೆದು ನೋಡದೆಯೇ ಹೇಳಿದಳು, "ಒಂದು ಕಡೆ ಹದಿನಾರು ದಿನ ಆಗಿದೆ."

ಅದು ಯಾವುದೆಂದು ತಂಗಿಗೆ ಥಟ್ಟನೆ ಹೊಳೆಯಿತು. "ಸರ್ವರ್ ಕೆಟ್ಟಿತ್ತು. ದಿನವಿಡೀ."

"ಅಲ್ಲಿಗೆ ಬಂದಾಗ, ಸರಿ, ಇಲ್ಲಿಗೆ ಬಿಟ್ಟಳು ಅಂದ್ಕೊಂಡೆ. ಕೆಳಗೆ ನೋಡಿದ್ರೆ ಮತ್ತೆ ಶುರು."

ಅಟೆಂಡರ್ ಒಂದು ಸ್ಟೂಲು ತಂದು ಅಕ್ಕನ ಪಕ್ಕ ಇಟ್ಟು ಹೋದ. ಅಕ್ಕ ಕೂರಲಿಲ್ಲ. ಪತ್ರ ನಿನ್ನ ಮನೆಗೆ ಬರಬಾರದು ಅಂತ ಮಾಡಿದೆ, ಕಾರ್ಡ್ ಮುಚ್ಚೋಕೆ ಕಾರಣ ಬರೀಬೇಕಾಗುತ್ತೆ ಎಂದು ತಂಗಿ ವಿವರಿಸಿದಳು. ನಿಯಮವನ್ನು ಓದಿ ಹೇಳುವ ದನಿಯಲ್ಲೇ ಹೇಳಿದಳು, ಬೇರೆ ದನಿ ಹುಡುಕಿದರೂ ಸಿಗಲಿಲ್ಲ.

ಅಕ್ಕ ಕೇಳಿಸಿಕೊಂಡಳು. "ನೀನು ಕೇಳಿದ್ರೆ ನಾನು ಕೊಟ್ಟುಬಿಡ್ತಿದ್ದೆ, ಪುಟ್ಟಿ," ಎಂದಳು. "ಯಾರೂ ಕೇಳಲಿಲ್ಲ. ಲೈಬ್ರರಿಯವರು ಮರೆತಿದಾರೆ, ನನ್ನ ತಂಗಿಗೆ ಬಾಯಿ ಬರ್ತಿಲ್ಲ ಅಂತ ನಾನೂ ಸುಮ್ನಿದ್ದೆ. ಕದ್ದ ಮಾಲು ಇಟ್ಕೊಂಡ ಹಾಗೆ. ನೀನು ಪ್ರತಿ ಭಾನುವಾರ ಬಂದು ಕೂತಾಗ ಇವತ್ತು ಕೇಳ್ತಾಳೆ, ಇವತ್ತು ಕೇಳ್ತಾಳೆ ಅಂತ ಕಾಯ್ತಿದ್ದೆ. ನೀನು ಮೇಜಿನ ಕಡೆ ನೋಡಿದ್ರೆ ಸಾಕು, ಯಂತ್ರ ಓಡಿಸ್ತಿದ್ದೆ."

ತಂಗಿ ಮೂರು ವರ್ಷ ಒಂದು ಪತ್ರವನ್ನು ತಡೆದು ನಿಲ್ಲಿಸಿದ್ದಳು. ಆ ಪತ್ರ ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗಿ ಕೆಳಗೆ ಕೂತು ಗುಂಡಿ ಹೊಲಿದು ಬರುತ್ತಿತ್ತು.

ಆಕೆ ಪುಸ್ತಕವನ್ನು ಬಟ್ಟೆಯಿಂದ ಬಿಡಿಸಿದಳು. ವಾಪಸ್ ಬಂದ ಪುಸ್ತಕದ ಹಾಳೆಗಳನ್ನು ಒಮ್ಮೆ ತಿರುವಿ ನೋಡಬೇಕೆಂಬುದು ಕೌಂಟರಿನ ಪದ್ಧತಿ, ಜನ ಏನೇನೋ ಬಿಟ್ಟಿರುತ್ತಾರೆ. ನಲವತ್ತೆಂಟನೆಯ ಪುಟದಲ್ಲಿ ಬೂದು ಪಟ್ಟಿ ಸಿಕ್ಕಿತು. ಎಂಬತ್ತೊಂದರಲ್ಲಿ ಇನ್ನೊಂದು ಪಟ್ಟಿ, ನೀಲಿ, ಹೊಸದು.

"ನೀಲಿ ನಂದು," ಅಕ್ಕ ಹೇಳಿದಳು. "ನಿನ್ನೆ ಓದಿದೆ. ಮೋಟಾರಿನ ಪಾಠ ಅರ್ಥ ಆಯ್ತು, ನಮ್ಮ ಯಂತ್ರದ್ದೂ ಹಾಗೇ ಇದೆ. ಮುಂದಿನದು ಅರ್ಥ ಆಗಲಿಲ್ಲ."

ತಂಗಿ ಎರಡೂ ಪಟ್ಟಿಗಳನ್ನು ತೆಗೆದು ಅಕ್ಕನ ಕಡೆ ಸರಿಸಿದಳು. ಅಕ್ಕ ಅವನ್ನು ಫೋನಿನ ಕವರಿನೊಳಗೆ ಸಿಕ್ಕಿಸಿದಳು. ಪುಸ್ತಕದ ಹಿಂಬದಿಯ ಗೆರೆಗಳ ಮೇಲೆ ಕೆಂಪು ಬೆಳಕು ಬಿತ್ತು. 'ಹಿಂದಿರುಗಿಸಲಾಗಿದೆ.' ಅಕ್ಕನ ಕೈಯಲ್ಲಿ ಫೋನು ಸದ್ದು ಮಾಡಿತು. ಅಕ್ಕ ಓದಿ, "ಧನ್ಯವಾದ ಅಂತೆ," ಎಂದಳು.

ಪುಸ್ತಕ ಮುಂದೆ ಯಾರಿಗೆ ಎಂದು ಅಕ್ಕ ಕೇಳಿದಳು. ಪ್ರಶ್ನೆಪತ್ರಿಕೆ ಅಷ್ಟು ಹೊತ್ತಿಗೆ ನೀರು ಕುಡಿಯುವ ನೆಪದಲ್ಲಿ ಎರಡು ಸಲ ಕೆಳಗಿಳಿದು ಬಂದಿದ್ದಳು, ಈಗ ಮೆಟ್ಟಿಲ ಕೆಳಗೆ ನಿಂತಿದ್ದಳು. ತಂಗಿ ಅವಳನ್ನು ತೋರಿಸಿದಳು. ಅಕ್ಕ ಹುಡುಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಮೂವತ್ತೆರಡು," ಎಂದಳು ಮೆಲ್ಲಗೆ. "ಭುಜ ಸ್ವಲ್ಪ ಕಮ್ಮಿ."

ಆಮೇಲೆ, ಇವಳಾದ ಮೇಲೆ ತನ್ನ ಹೆಸರು ಬರೆದುಕೋ ಎಂದಳು. ಅದಕ್ಕೆ ಸದಸ್ಯತ್ವ ಬೇಕು. ಅರ್ಜಿಯನ್ನು ಅಕ್ಕ ಸ್ಟೂಲಿನ ಮೇಲೆ ಕೂತು ತುಂಬಿದಳು, ಉದ್ಯೋಗ ಎಂಬಲ್ಲಿ ಹೊಲಿಗೆ ಎಂದು ಬರೆದಳು. ಫೋನ್ ನಂಬರು ಹಾಕಿದಾಗ ಪರದೆ ತಡೆಯಿತು: ಈ ಸಂಖ್ಯೆ ಈಗಾಗಲೇ ಬೇರೊಂದು ಕಾರ್ಡಿಗೆ ಸೇರಿದೆ, ಮೊದಲು ಅದನ್ನು ಮುಚ್ಚಿ. ತಂಗಿಯ ಕೈ ನಿಂತಿತು.

"ಏನು ಕೇಳ್ತಿದೆ?"

"ಕಾರಣ."

"ಏನೇನಿದೆ?"

ತಂಗಿ ನಾಲ್ಕನ್ನೂ ಓದಿದಳು. ಮೂರನ್ನು ಓದಿ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ.

"ನಿಜ ಯಾವುದೋ ಅದನ್ನ ಒತ್ತು," ಅಕ್ಕ ಹೇಳಿದಳು. ಹೇಳಿ, ಕುತ್ತಿಗೆಯಲ್ಲಿದ್ದ ಟೇಪನ್ನು ತೆಗೆದು ಬೆರಳಿಗೆ ಸುತ್ತತೊಡಗಿದಳು.

ಆಕೆ ನಾಲ್ಕನೆಯದನ್ನು ಒತ್ತಿದಳು. ಪರದೆ ಬೇರೇನೂ ಕೇಳಲಿಲ್ಲ. ಮೇಲೆ ಮಹಡಿಯಲ್ಲಿ ಕುರ್ಚಿಗಳನ್ನು ಎಳೆದಾಡುವ ಸದ್ದು, ಯಾರೋ ನಕ್ಕದ್ದು, ತರಬೇತುದಾರ ಗದರಿದ್ದು ಕೇಳಿಸುತ್ತಿತ್ತು. ಹೊಸ ಕಾರ್ಡು ಸಿದ್ಧವಾಯಿತು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಭಾನುವಾರ ಕಾಲರಿನ ಕೆಲಸ ಜಾಸ್ತಿ ಇದೆ, ಸ್ವಲ್ಪ ಬೇಗ ಬಾ ಎಂದಳು, ಹೋದಳು. ಬಟ್ಟೆಯ ತುಂಡು ಕೌಂಟರಿನ ಮೇಲೆ ಉಳಿಯಿತು. ತಂಗಿ ಅದನ್ನು ಮಡಿಸಿ ಡ್ರಾಯರಿನಲ್ಲಿ ಇಟ್ಟಳು.

ಪ್ರಶ್ನೆಪತ್ರಿಕೆ ಬಂದು ತನ್ನ ಕಾರ್ಡು ಚಾಚಿದಳು. ಪುಸ್ತಕವನ್ನು ಎತ್ತಿಕೊಂಡು, ಮೂಸಿ ನೋಡಿ, ದಪ್ಪ ಅಳೆದಳು.

"ಮೇಡಂ, ಹದಿನೈದು ದಿನದಲ್ಲಿ ಮುಗೀದಿದ್ರೆ?"

"ಮುಗಿಸು," ಕೌಂಟರ್ ಮೇಡಂ ಹೇಳಿದಳು. "ನವೀಕರಣ ಆಗಲ್ಲ. ನಿನ್ನ ಹಿಂದೆ ಒಬ್ಬರು ಕಾಯ್ತಿದಾರೆ."